ಅಂಜನದ ಎದುರು ಕೂತವನು

ಹೊರ್ತಿಯ ಕುರುಬರ ಓಣಿಯ ಅಮೋಘಸಿದ್ಧ ಹೈದರಾಬಾದಿನಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. ಕಟ್ಟೆಯ ಮೇಲೆ ಕೂತ ಗಂಡಸರು ಅವನು ಬೆಳಕು ಅಳೆಯುತ್ತಾನೆ ಎನ್ನುತ್ತಾರೆ. ಬೆಳಕೇನು ಜೋಳವೇ, ಸೇರಿನಲ್ಲಿ ಅಳೆಯಲಿಕ್ಕೆ ಎಂದು ನೀವು ನಕ್ಕರೆ ಅವರಿಗೆ ಸಿಟ್ಟು ಬರುತ್ತದೆ. ಬರಬೇಕಾದ್ದೇ, ಅವರು ಹೇಳಿದ್ದು ನಿಜ. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಅವನು ಸರ್ಕಾರದ ಅಂಜನದ ಸಾಹೇಬ ಎನ್ನುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅಪ್ಪ ಕುರಿ ಕಾಯ್ದವನು. ಹುಡುಗ ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮಂದ. ಇಂಡಿಯಲ್ಲಿ ಕಾಲೇಜು, ಧಾರವಾಡದಲ್ಲಿ ಎಂ.ಎಸ್ಸಿ., ಪುಣೆಯಲ್ಲಿ ಲೇಸರ್ ಬಗ್ಗೆ ಪಿಎಚ್.ಡಿ. ಮುಗಿಸಿ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಪ್ರಯೋಗಾಲಯ ಸೇರಿದ. ಧೂಳಿನಲ್ಲಿ, ಮಂಜಿನಲ್ಲಿ ಲೇಸರ್ ಕಿರಣ ಎಷ್ಟು ದೂರದ ತನಕ ದಾರಿ ತಪ್ಪದೆ ಹೋಗುತ್ತದೆ ಎಂದು ನೋಡುವುದು ಅವನ ಕೆಲಸ. ಹೊರ್ತಿಯ ಧೂಳು ಉಂಡು ಬೆಳೆದವನಿಗೆ ಸರ್ಕಾರ ಧೂಳಿಗೇ ಸಂಬಳ ಕೊಡುತ್ತಿತ್ತು. ಅವನ ಪ್ರಬಂಧಗಳನ್ನು ಓದಿದವರು ಕಡಿಮೆ, ತಪ್ಪು ಹಿಡಿದವರು ಇನ್ನೂ ಕಡಿಮೆ. ಅಳೆದು ನೋಡದೆ ಯಾವುದನ್ನೂ ಹೊಗಳುವವನೂ ಅಲ್ಲ, ಬೈಯುವವನೂ ಅಲ್ಲ. ಆ ಗುಣವೇ ಅವನಿಗೆ ಮುಳುವಾಯಿತು.

ಒಮ್ಮೆ ಒಂದು ಸಣ್ಣ ವಿಮಾನ ಕಾಡಿನಲ್ಲಿ ಬಿದ್ದು ಕಾಣೆಯಾಯಿತು. ಯಾವನೋ ಒಬ್ಬ ಬೈರಾಗಿ ಕಣ್ಣು ಮುಚ್ಚಿ ಹೇಳಿದ ದಿಕ್ಕಿನಲ್ಲೇ ಅದು ಸಿಕ್ಕಿತಂತೆ. ದಿಕ್ಕು ಇರುವುದೇ ನಾಲ್ಕು, ನಾನು ಹೇಳಿದ್ದರೂ ಸಿಗುತ್ತಿತ್ತೋ ಏನೋ. ಆದರೆ ದೆಹಲಿಯ ದೊಡ್ಡ ಅಧಿಕಾರಿಯೊಬ್ಬರಿಗೆ ಅದು ತಲೆಗೆ ಹತ್ತಿತು. ಕೂತಲ್ಲೇ ದೂರದ್ದನ್ನು ಕಾಣುವವರು ದೇಶದಲ್ಲಿ ನಿಜವಾಗಿ ಇದ್ದಾರೆಯೇ ಎಂದು ಪರೀಕ್ಷಿಸಲು ಅವರು ಒಂದು ಯೋಜನೆ ಮಂಜೂರು ಮಾಡಿಸಿದರು. ನಡೆಸಲು ಅಳತೆ ಬಲ್ಲ, ಬಾಯಿ ಬಿಗಿಯಾದ ಮನುಷ್ಯ ಬೇಕಿತ್ತು. ಅಮೋಘಸಿದ್ಧನ ಕೊರಳಿಗೆ ಬಿತ್ತು. ಜೊತೆಯವರು ಅವನಿಗೆ ದೆವ್ವದ ಡಾಕ್ಟರ್ ಎಂದು ಹೆಸರಿಟ್ಟರು. ಅವನು ನಗಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಟಗರು ಕಳೆದಾಗ ಅಂಜನ ಹಾಕಿಸಿದ್ದು, ಟಗರು ಸಿಕ್ಕಿದ್ದು ಅವನಿಗೆ ನೆನಪಿತ್ತು. ಅಳೆದು ನೋಡೋಣ ಎಂದುಕೊಂಡ.

ಅಂಜನವೆಂದರೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ವೀಳ್ಯದೆಲೆಗೆ ಔಡಲೆಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದು, ಪಕ್ಕದಲ್ಲಿ ದೀಪ ಇಟ್ಟು, ಆ ಕರಿ ಹೊಳಪಿನಲ್ಲಿ ಕಳೆದದ್ದನ್ನು ನೋಡಿ ಹೇಳುವುದು. ಗೊಳಸಂಗಿಯ ಯಾಕೂಬಸಾಬ ಇದರಲ್ಲಿ ಹೆಸರಾದವನು. ಹೊಟ್ಟೆಪಾಡಿಗೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ, ಅಂಜನಕ್ಕೆ ಒಂದು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಅಮೋಘಸಿದ್ಧ ಅವನನ್ನೇ ಆರಿಸಿದ. ಚೀಟಿ ಎತ್ತಿ ಒಂದು ಜಾಗ ಗೊತ್ತು ಮಾಡುವುದು, ಒಮ್ಮೆ ಸಿಂದಗಿಯ ಜೋಳದ ಮಾರುಕಟ್ಟೆ, ಒಮ್ಮೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣ, ಹೀಗೆ. ಸರ್ಕಾರದ ಜೀಪು ಅಲ್ಲಿಗೆ ಹೋಗಿ ನಿಲ್ಲುವುದು. ಅದೇ ಹೊತ್ತಿಗೆ ಯಾಕೂಬಸಾಬ ಎಲೆ ನೋಡಿ ಜೀಪು ಎಲ್ಲಿದೆ ಎಂದು ಹೇಳುವುದು. ಜನ ಕಡಿಮೆ ಇದ್ದುದರಿಂದ ಚೀಟಿ ಎತ್ತುವವನೂ ಅಮೋಘಸಿದ್ಧನೇ, ಯಾಕೂಬಸಾಬನ ಎದುರು ಕೂಡುವವನೂ ಅವನೇ. ಅದಕ್ಕೆಂದೇ ಕಟ್ಟುನಿಟ್ಟಾದ ನಿಯಮ ಮಾಡಿದ್ದ, ಎದುರು ಕೂತವರು ತುಟಿ ಪಿಟ್ಟೆನ್ನಬಾರದು.

ಮೊದಲ ವರ್ಷದ ಫಲಿತಾಂಶ ನೋಡಿ ದೆಹಲಿಯವರು ಕುರ್ಚಿಯಿಂದ ಎದ್ದು ನಿಂತರಂತೆ. ಯಾಕೂಬಸಾಬ ಹೇಳಿದ್ದು ಹೇಳಿದಂತೆ ಸರಿಬರುತ್ತಿತ್ತು. ಅಮೋಘಸಿದ್ಧನಿಗೂ ಒಳಗೆ ಸಣ್ಣ ಭಯ ಹುಟ್ಟಿತ್ತು. ಆಗ ಯೋಜನೆಗೆ ಒಡಿಶಾದಿಂದ ಮಹಾಪಾತ್ರ ಎಂಬ ಸಹೋದ್ಯೋಗಿ ಬಂದಳು. ಕನ್ನಡದ ಗಂಧವಿಲ್ಲದ ಆಕೆ ಪ್ರಯೋಗದ ಹೊತ್ತಿನ ಧ್ವನಿಮುದ್ರಣ ಕೇಳಿ, ನಡುನಡುವೆ ಯಾರೋ ನರಳುತ್ತಾರಲ್ಲ, ಯಾರದು ಎಂದು ಕೇಳಿದಳು. ಯಾರೂ ಇಲ್ಲ, ಅದು ನಾನು ಹೂಂ ಅಂದದ್ದು ಎಂದ ಅಮೋಘಸಿದ್ಧ. ಹೇಳಿದ ಮೇಲೆ ಅವನಿಗೇ ಕೇಳಿಸಿತು.

ಹೌದಲ್ಲ! ನಮ್ಮಲ್ಲಿ ಎದುರಿನವರು ಏನಾದರೂ ಹೇಳುತ್ತಿದ್ದರೆ ಹೂಂಗುಟ್ಟದೆ ಕೂಡುವವನು ಒಂದೋ ಕಿವುಡ, ಇಲ್ಲವೇ ಸೊಕ್ಕಿನವನು. ಅಜ್ಜಿ ಕಥೆ ಹೇಳುವಾಗ ಮೊಮ್ಮಗ ಹೂಂ ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಹೂಂ ಅನ್ನುವುದನ್ನು ಮಾತು ಎಂದು ಈ ಸೀಮೆಯಲ್ಲಿ ಯಾರೂ ಎಣಿಸುವುದಿಲ್ಲ. ಮಾತಾಡಬಾರದು ಎಂದು ನಿಯಮ ಮಾಡಿದ ವಿಜ್ಞಾನಿಯೂ ಎಣಿಸಿರಲಿಲ್ಲ. ಯಾಕೂಬಸಾಬ ಗಿಡ ಕಾಣ್ತೈತಿ ಎಂದರೆ ಅಮೋಘಸಿದ್ಧ ಸುಮ್ಮನಿರುತ್ತಿದ್ದ, ಚೀಲ ಕಾಣ್ತಾವ ಎಂದರೆ ಹೂಂ ಎನ್ನುತ್ತಿದ್ದ. ಯಾಕೂಬಸಾಬ ಚೀಲದ ಹಿಂದೆ ಹೋಗುತ್ತಿದ್ದ, ಮಾರುಕಟ್ಟೆ ತಾನಾಗಿ ಬರುತ್ತಿತ್ತು. ಮಹಾಪಾತ್ರಳನ್ನು ಎದುರು ಕೂಡಿಸಿ ನೋಡಿದರು. ಆಕೆ ಕಲ್ಲಿನಂತೆ ಕೂತಳು, ಎಲೆಯೊಳಗೆ ಏನೂ ಸರಿಯಾಗಿ ಕಾಣಲಿಲ್ಲ. ಮತ್ತೆ ಅಮೋಘಸಿದ್ಧ ಕೂತು ಹೂಂ ಎಂದರೆ ಎಲ್ಲ ಕಂಡಿತು.

ಇದನ್ನು ಯಾಕೂಬಸಾಬನಿಗೆ ಮುಚ್ಚಿಡದೆ ಹೇಳಿದ. ಮುದುಕನಿಗೆ ಬೇಸರವೇನೂ ಆಗಲಿಲ್ಲ.

"ನಾ ಯಾರಿಗೂ ಸುಳ್ಳ ಹೇಳಿಲ್ರಿ ಸಾಹೇಬ್ರ. ಎದುರ ಕುಂತವ್ರು ಹೂಂ ಅಂದ್ರ ಎಲಿಯೊಳಗ ಬೆಳಕ ಬೀಳ್ತೈತಿ. ಅನ್ನಲಿಲ್ಲಂದ್ರ ಬರೇ ಕಾಡಿಗಿ" ಎಂದ.

ಅಮೋಘಸಿದ್ಧ ವರದಿ ಬರೆದ, ಇಂಥ ಶಕ್ತಿ ಇಲ್ಲ ಎಂದು. ದೆಹಲಿಯವರು ಅದನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ಅವನು ಮರಳಿ ತನ್ನ ಧೂಳಿಗೆ, ಲೇಸರಿಗೆ ಹೋದ. ಅಲ್ಲಿ ಆಗಲೇ ಅವನಿಗಿಂತ ಚಿಕ್ಕವರು ಮೇಲೆ ಹತ್ತಿದ್ದರು, ದೆವ್ವದ ಡಾಕ್ಟರ್ ಎಂಬ ಹೆಸರು ಮಾತ್ರ ಇವನಿಗೇ ಉಳಿಯಿತು. ಇತ್ತ ಊರವರಿಗೆ ವರದಿ ಯಾರು ಕಳಿಸಬೇಕು? ಅವರು ಕಂಡದ್ದು ಯಾಕೂಬಸಾಬನ ಮನೆ ಮುಂದೆ ವರ್ಷಗಟ್ಟಲೆ ನಿಂತ ಸರ್ಕಾರದ ಜೀಪು. ಅಂಜನಕ್ಕೆ ಸರ್ಕಾರವೇ ಮುದ್ರೆ ಒತ್ತಿತು, ಅದೂ ನಮ್ಮ ಹೊರ್ತಿಯ ಹುಡುಗನ ಕೈಯಿಂದ ಎಂದು ಇಂಡಿಯಿಂದ ಮುದ್ದೇಬಿಹಾಳದ ತನಕ ಸುದ್ದಿ ಹಬ್ಬಿತು.

ಇದಾದ ಮೇಲೆ ಅಮೋಘಸಿದ್ಧನ ತಮ್ಮ ಕಾಂತು ಕಾಣೆಯಾದ.

ಕಾಂತು ಅಪ್ಪ ತೀರಿಕೊಂಡ ಮೇಲೆ ಅವನ ಕುರಿಗಳನ್ನೇ ಮುಂದುವರಿಸಿದವನು. ಆ ವರ್ಷ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳದ ಕಡೆ, ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿದ್ದ. ಒಂದು ಮಧ್ಯಾಹ್ನ ಮೈ ತೊಳೆದುಕೊಂಡು ಬರುತ್ತೇನೆ ಎಂದು ಜೊತೆಯವನಿಗೆ ಹೇಳಿ ನೀರಿನ ಕಡೆ ನಡೆದವನು ಬರಲಿಲ್ಲ. ದಂಡೆಯ ಮೇಲೆ ಅವನ ಬಟ್ಟೆಯೂ ಇರಲಿಲ್ಲ, ನೀರಿನಲ್ಲಿ ಹೆಣವೂ ಸಿಗಲಿಲ್ಲ. ಪೊಲೀಸರು ಬಂದರು, ಮೀನುಗಾರರು ಬಲೆ ಹಾಕಿ ಜಾಲಾಡಿದರು. ಅಮೋಘಸಿದ್ಧ ಹೈದರಾಬಾದಿನಿಂದ ಬಂದು ಆ ದಂಡೆಯ ಮೇಲೆ ಸಂಜೆಯ ತನಕ ಅಡ್ಡಾಡಿದ. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾಚಿಕೆಯೂ ಆಗಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನಿಗೆ ಎದೆಯಲ್ಲಿ ಹಿಡಿಯಿತು. ಅದು ಇಂದಿಗೂ ಬಿಟ್ಟಿಲ್ಲ.

ತಾಯಿ ತಿಪ್ಪವ್ವ ಸೀದಾ ಗೊಳಸಂಗಿಗೆ ಹೋದಳು. ಯಾಕೂಬಸಾಬ ಎಲೆ ನೋಡಿದ. ಕಾಂತು ಜೀವಂತ ಇದ್ದಾನೆ, ದೊಡ್ಡ ಗಿಡದ ಬುಡಕ್ಕೆ ಕೂತಿದ್ದಾನೆ, ಎದುರಿಗೆ ನೀರಿದೆ, ಮನೆಯ ನೆನಪು ಹಾರಿದೆ ಎಂದ. ಅಷ್ಟು ಸಾಕಾಯಿತು ತಿಪ್ಪವ್ವನಿಗೆ. ಬೇರೆ ಯಾರೋ ಹೇಳಿದ್ದಲ್ಲ, ತನ್ನ ಮಗ ಪರೀಕ್ಷೆ ಮಾಡಿದ ಅಂಜನ. ಪ್ರತಿ ಅಮಾವಾಸ್ಯೆಗೆ ಎಲೆ, ಎಣ್ಣೆ ಕಟ್ಟಿಕೊಂಡು ಬಸ್ ಹತ್ತತೊಡಗಿದಳು. ಕಾಂತು ಒಮ್ಮೆ ಗಿಡದ ಕೆಳಗೆ ಇರುತ್ತಿದ್ದ, ಒಮ್ಮೆ ಯಾವುದೋ ಮಠದ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಒಮ್ಮೆ ಗಡ್ಡ ಬಿಟ್ಟಿದ್ದ. ಮನೆಯಲ್ಲಿ ಅವನ ಊಟದ ಗಂಗಾಳ ತೊಳೆದು ಬೋರಲು ಹಾಕಿದ್ದು ಹಾಗೆಯೇ ಇರುತ್ತಿತ್ತು.

ಹೀಗೆ ಆರು ವರ್ಷ. ಈ ಆರು ವರ್ಷ ನಿಜವಾಗಿ ಯಾರ ಮೈಮೇಲೆ ಹೋದವು ಎಂದರೆ ಕಾವೇರಿಯ ಮೈಮೇಲೆ. ಕಾಂತುವಿನ ಹೆಂಡತಿ ಅವಳು, ಮಕ್ಕಳಿಲ್ಲ, ಊರ ಸಾಲಿಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಗಂಡ ಇದ್ದವಳೂ ಅಲ್ಲ, ಇಲ್ಲದವಳೂ ಅಲ್ಲ. ಸಿಂದಗಿಯ ಖಂಡೆಪ್ಪ ಅವಳನ್ನು ಕೇಳಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹೆಂಡತಿ ತೀರಿಕೊಂಡವನು, ಮಾತು ಮೆದು. ನಮ್ಮವರಲ್ಲಿ ಗಂಡ ಸತ್ತವಳಿಗೆ ಉಡಿಕೆ ಆಗುತ್ತದೆ, ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಮೊದಲು ಅತ್ತೆ ಹಳೆಯ ತಾಳಿ ತನ್ನ ಕೈಯಿಂದ ಬಿಚ್ಚಬೇಕು. ಮಗ ಗಿಡದ ಬುಡಕ್ಕೆ ಕೂತಿರುವಾಗ ತಿಪ್ಪವ್ವ ಹೇಗೆ ಬಿಚ್ಚುತ್ತಾಳೆ? ಖಂಡೆಪ್ಪ ಎರಡು ವರ್ಷ ಕಾದ. ಈ ಸಲ ಅವನ ಮನೆಯವರು ಯುಗಾದಿಯ ತನಕ ನೋಡುತ್ತೇವೆ, ಆಮೇಲೆ ಬೇರೆ ಕಡೆ ಹೆಣ್ಣು ತರುತ್ತೇವೆ ಎಂದು ಹೇಳಿ ಕಳಿಸಿದರು.

ಆಗ ಕಾವೇರಿ ಹೈದರಾಬಾದಿಗೆ ಫೋನು ಮಾಡಿದಳು. ಅಷ್ಟು ವರ್ಷದಲ್ಲಿ ಅವಳು ಭಾವನ ಜೊತೆ ನೇರ ಮಾತಾಡಿದ್ದು ಅದೇ ಮೊದಲು.

"ಭಾವಾರ, ನಾ ಅವ್ರಿಗೆ ಕೆಟ್ಟದ್ದ ಬಯಸಾಕತ್ತಿಲ್ರಿ. ಇದ್ರ ಇರಲಿ, ಬರಲಿ. ಬರೇ ಎಲಿಯೊಳಗ ಎಷ್ಟ ದಿವಸ ಸಂಸಾರ ಮಾಡ್ಲಿ? ಅಂಜನ ಖರೇ ಅಂತ ಊರಿಗೆ ತೋರ್ಸಿದವ್ರು ನೀವು. ಸುಳ್ಳ ಅಂತನೂ ನೀವ ಹೇಳ್ರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಮರುದಿನವೇ ರಜೆ ಹಾಕಿ ಹೊರಟ.

ಹೊರ್ತಿಗೆ ಬಂದು ತಾಯಿಯ ಎದುರು ಕೂತು ಎಲ್ಲ ಬಿಡಿಸಿ ಹೇಳಿದ. ಜೀಪು, ಚೀಟಿ, ಒಡಿಶಾದ ಹೆಣ್ಣುಮಗಳು, ಹೂಂ. ಯಾಕೂಬಸಾಬನ ತಪ್ಪಲ್ಲ ಯವ್ವಾ, ನೀನು ಹೂಂ ಅಂದದ್ದೇ ನಿನಗೆ ತಿರುಗಿ ಬರುತ್ತದೆ ಎಂದ. ತಿಪ್ಪವ್ವ ಶೇಂಗಾ ಸುಲಿಯುತ್ತಾ ಕೇಳಿದಳು, ನಡುನಡುವೆ ಹೂಂ ಎಂದಳು. ಎಲ್ಲ ಮುಗಿದ ಮೇಲೆ, ಸುಳ್ಳಾಗಿದ್ದರೆ ಸರ್ಕಾರ ಅಷ್ಟು ವರ್ಷ ಯಾಕೆ ರೊಕ್ಕ ಸುರಿಯಿತು ಎಂದು ಕೇಳಿದಳು. ಸುಳ್ಳೋ ಖರೆಯೋ ತಿಳಿಯಲಿಕ್ಕೇ ಸುರಿದದ್ದು ಎಂದು ಅವನು ಹೇಳಿದ. ಅವಳಿಗೆ ಅದು ಹುಚ್ಚರ ಮಾತಿನಂತೆ ಕೇಳಿಸಿತು. ಯಾರಿಗಾದರೂ ಹಾಗೆಯೇ ಕೇಳಿಸುತ್ತದೆ ಬಿಡಿ. ಎರಡು ದಿನ ಮನೆಯಲ್ಲಿ ಇದೇ ನಡೆಯಿತು. ಕಾವೇರಿ ಒಳಗೆ ರೊಟ್ಟಿ ಬಡಿಯುತ್ತಾ ಇದನ್ನೆಲ್ಲ ಕೇಳುತ್ತಿದ್ದಳು.

ಮೂರನೆಯ ದಿನ ತಿಪ್ಪವ್ವ ತಾನಾಗಿ ಒಂದು ದಾರಿ ಹೇಳಿದಳು. ಇನ್ನೊಮ್ಮೆ ಗೊಳಸಂಗಿಗೆ ಹೋಗೋಣ, ಕಾವೇರಿಯೂ ಬರಲಿ. ಅವನು ಇಲ್ಲ ಎಂದು ಎಲೆಯಲ್ಲಿ ಬಂದರೆ ತಾಳಿ ತಾನೇ ಬಿಚ್ಚುತ್ತೇನೆ ಎಂದಳು.

"ಈ ಸಲ ಎದುರಿಗೆ ನೀನ ಕೂಡು. ನಾ ಹಿಂದ ಕೂಡ್ತೇನಿ, ಬಾಯಿ ಬಿಡಾಂಗಿಲ್ಲ" ಎಂದಳು.

ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೋದರು. ದಾರಿಯುದ್ದಕ್ಕೂ ಅಮೋಘಸಿದ್ಧ ಇದನ್ನು ಒಂದು ಪ್ರಯೋಗದಂತೆ ಲೆಕ್ಕ ಹಾಕಿದ. ಮಹಾಪಾತ್ರಳಂತೆ ಬಾಯಿ ಮುಚ್ಚಿ ಕೂತರೆ ಎಲೆಯಲ್ಲಿ ಬರೇ ಕಾಡಿಗೆ ಇರುತ್ತದೆ, ಯಾಕೂಬಸಾಬ ಏನೂ ಕಾಣುವುದಿಲ್ಲ ಎನ್ನುತ್ತಾನೆ. ಅದೇ ಶುದ್ಧವಾದ ಫಲಿತಾಂಶ. ಆದರೆ ಕಾಣುವುದಿಲ್ಲ ಎಂದರೆ ತಿಪ್ಪವ್ವನ ಪಾಲಿಗೆ ಇಲ್ಲ ಎಂದಲ್ಲ. ಇಂದು ಮೋಡ ಇತ್ತು, ಮುಂದಿನ ಅಮಾವಾಸ್ಯೆಗೆ ಕಾಣುತ್ತದೆ ಎಂದಾಳು. ಯುಗಾದಿ ಕಳೆದುಹೋಗುತ್ತದೆ. ಕಾವೇರಿ ಇನ್ನೂ ಎಷ್ಟೋ ವರ್ಷ ಎಲೆಯಲ್ಲೇ ಸಂಸಾರ ಮಾಡಬೇಕು. ಕಾಂತು ಸತ್ತಿದ್ದಾನೆ ಎಂಬುದಕ್ಕೆ ಅವನ ಹತ್ತಿರ ಪುರಾವೆ ಇರಲಿಲ್ಲ. ಬದುಕಿದ್ದಾನೆ ಎಂಬುದಕ್ಕೂ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಯಾಕೂಬಸಾಬ ಇನ್ನಷ್ಟು ಮುದುಕನಾಗಿದ್ದ. ಹತ್ತಿಯ ಎಳೆಗಳು ಗಡ್ಡದಲ್ಲಿ, ಹುಬ್ಬಿನಲ್ಲಿ ಕೂತಿದ್ದವು. ಬರ್ರಿ ಸಾಹೇಬ್ರ, ಜೀಪು ಎಲ್ಲಿ ಎಂದು ನಗಲು ಹೋದವನು ಮೂವರ ಮುಖ ನೋಡಿ ಗಾದಿಗಳನ್ನು ಬದಿಗೆ ಸರಿಸಿ ಜಾಗ ಮಾಡಿದ. ಎಲೆಗೆ ಕಾಡಿಗೆ ಬಳಿದು ದೀಪ ಹಚ್ಚಿದ. ಅಮೋಘಸಿದ್ಧ ಎದುರಿಗೆ ಕೂತ. ಹಿಂದೆ ಗೋಡೆಗೆ ಆತು ತಿಪ್ಪವ್ವ, ಬಾಗಿಲ ಹತ್ತಿರ ಸೆರಗು ಹೊದ್ದ ಕಾವೇರಿ.

ಯಾಕೂಬಸಾಬ ಬಹಳ ಹೊತ್ತು ನೋಡಿದ. ದೊಡ್ಡ ಗಿಡ ಐತಿ ಎಂದ. ಅಮೋಘಸಿದ್ಧ ಸುಮ್ಮನಿದ್ದ. ಬುಡಕ್ಕ ಯಾರೋ ಕುಂತಾನ ಎಂದ. ಸುಮ್ಮನಿದ್ದ. ಹಿಂದಿನಿಂದ ತಾಯಿ ಸರಿದು ಕೂತ ಸದ್ದು ಕೇಳಿಸಿತು, ಬೇರೇನೂ ಇಲ್ಲ. ಯಾಕೂಬಸಾಬ ಎಲೆಯನ್ನು ದೀಪದ ಕಡೆ ಸ್ವಲ್ಪ ವಾಲಿಸಿದ. ಕುಂತಿಲ್ಲ, ಗಿಡ ಇಲ್ಲ ಎಂದು ತಡವರಿಸಿದ. ಬರೀ ನೀರು ಎಂದ.

"ಹೂಂ" ಎಂದ ಅಮೋಘಸಿದ್ಧ.

ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. ಯಾಕೂಬಸಾಬ ತಲೆ ಎತ್ತಿದ. ಅಂಜನ ನೋಡುವಾಗ ಅವನು ಎಂದೂ ತಲೆ ಎತ್ತುವವನಲ್ಲ. ಎದುರು ಕೂತವನ ಮುಖವನ್ನು ಒಂದು ಗಳಿಗೆ ನೋಡಿದ, ಬಾಗಿಲ ಹತ್ತಿರ ಇದ್ದವಳನ್ನು ನೋಡಿದ, ಮತ್ತೆ ಎಲೆಗೆ ಬಗ್ಗಿದ. ಅವನಿಗೆ ತಿಳಿಯಿತೋ ಇಲ್ಲವೋ ಅಮೋಘಸಿದ್ಧನಿಗೆ ಗೊತ್ತಾಗಲಿಲ್ಲ.

"ನೀರಿನ ಒಳಗ" ಎಂದ ಯಾಕೂಬಸಾಬ.

"ಹೂಂ."

"ಮಲಗ್ಯಾನ. ಮ್ಯಾಲ ರೇವಿ ಮಣ್ಣ ಕುಂತೈತಿ. ಭಾಳ ದಿವಸ ಆತು."

"ಹೂಂ."

ಅಷ್ಟೇ. ದೀಪ ಆರಿಸಿದರು. ಹುಟ್ಟಿದಾಗಿನಿಂದ ಒಂದು ಅಳತೆಯನ್ನೂ ತಿದ್ದದ ಮನುಷ್ಯ ಮೂರು ಹೂಂಗಳಲ್ಲಿ ತಮ್ಮನನ್ನು ನೀರಿಗೆ ಹಾಕಿ ಮೇಲೆ ಮಣ್ಣೆಳೆದ. ಎದೆಯಲ್ಲಿ ಏನಾದರೂ ಆದೀತೆಂದು ಕಾದ. ಏನೂ ಆಗಲಿಲ್ಲ. ತಿಪ್ಪವ್ವ ಬೋರಾಡಿ ಅಳುತ್ತಾಳೆ ಎಂದುಕೊಂಡಿದ್ದ, ಅವಳೂ ಅಳಲಿಲ್ಲ. ಯಾಕೂಬಸಾಬನಿಗೆ ಕೈ ಮುಗಿದು, ಗೋಡೆ ಹಿಡಿದು ಎದ್ದಳು. ಉಳಿದ ಎಣ್ಣೆಯ ಬಾಟಲಿಯನ್ನು ಅಲ್ಲಿಯೇ ಬಿಟ್ಟಳು.

ಕಾರು ವಿಜಯಪುರ ದಾಟಿತು. ಮುಂದಿನ ಸೀಟಿನಲ್ಲಿದ್ದ ಕಾವೇರಿ ನಿದ್ದೆ ಹೋಗಿದ್ದಳು, ಎಷ್ಟೋ ದಿನದ ನಿದ್ದೆ ಇರಬೇಕು. ಆಗ ತಿಪ್ಪವ್ವ ಮಗನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ನೀ ಹೇಳೂದಕ್ಕಿಂತ ಮೊದಲ ನಂಗ ಗೊತ್ತಿತ್ತು. ನಾ ಹೂಂ ಅನ್ನೂದ ಬಿಟ್ರ ಅವ ಸಾಯ್ತಾನಂತ ಗೊತ್ತಿತ್ತು. ಹೆತ್ತಾಕಿ ಬಾಯಿಂದ ಹೆಂಗ ಬಿಡ್ಲಿ? ಅದಕ್ಕ ನಿನ್ನ ಕೂಡ್ಸಿದೆ."

ಅವನು ತಾಯಿಯ ಮುಖ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಾಗಾದರೆ ಅವಳು ಹೊರಿಸಿದ್ದನ್ನು ಅವನು ಹೊತ್ತಿದ್ದ. ಬೇಡವಾದ ಯೋಜನೆ ಹೊತ್ತ ಹಾಗೆ, ಇದನ್ನೂ ಬೇಡ ಎನ್ನದೆ ಹೊತ್ತಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಯುಗಾದಿಗೆ ಮುಂಚೆ ಉಡಿಕೆ ಆಯಿತು. ಉಡಿಕೆಗೆ ಬಾಜಾ ಇಲ್ಲ, ಹಂದರ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಖಂಡೆಪ್ಪನ ಕಡೆಯ ನಾಲ್ಕು ಜನ ಹಸಿರು ಸೀರೆ ತಂದರು. ತಿಪ್ಪವ್ವ ಮಾತು ಕೊಟ್ಟಂತೆ ತನ್ನ ಕೈಯಿಂದಲೇ ತಾಳಿ ಬಿಚ್ಚಿದಳು. ಹೋಗುವಾಗ ಕಾವೇರಿ ಅತ್ತೆಯನ್ನು ತಬ್ಬಿಕೊಂಡು ಅತ್ತಳು, ಆಮೇಲೆ ಭಾವನ ಕಾಲಿಗೆ ಬಿದ್ದಳು. ಚಲೋ ಇರವಾ ಎಂದು ಹೇಳಬೇಕೆಂದು ಅವನು ನಿಂತೇ ಇದ್ದ, ಅವಳು ಎದ್ದು ಬಸ್ಸಿಗೆ ಹೋದಳು.

ಅಮೋಘಸಿದ್ಧ ಈಗಲೂ ಹೈದರಾಬಾದಿನಲ್ಲಿ ಬೆಳಕು ಅಳೆಯುತ್ತಾನೆ. ರವಿವಾರ ತಾಯಿಯ ಫೋನು ಬರುತ್ತದೆ. ಮೊದಲೆಲ್ಲ ಅವಳು ಹೇಳುತ್ತಾ ಹೋಗುವುದು, ಇವನು ಹೂಂಗುಟ್ಟುತ್ತಾ ಇರುವುದು, ಅದೇ ಅವರ ಮಾತುಕತೆ. ಗೊಳಸಂಗಿಯಿಂದ ಬಂದ ಮೇಲೆ ಅವನಿಗೆ ಹೂಂ ಬರುವುದಿಲ್ಲ. ಎಲ್ಲ ಮಾತೂ ಬರುತ್ತದೆ, ಅದೊಂದು ಬರುವುದಿಲ್ಲ.

ಹೋದ ರವಿವಾರ ಅವಳು ಊರ ಸುದ್ದಿ ಹೇಳುತ್ತಿದ್ದಳು. ಕಾವೇರಿ ಬಂದಿದ್ದಳು, ಬಸುರಿ, ಮೈ ತುಂಬಿಕೊಂಡಿದ್ದಾಳೆ, ಖಂಡೆಪ್ಪನೇ ಬಸ್ ನಿಲ್ದಾಣದ ತನಕ ಬಂದು ಬಿಟ್ಟು ಹೋದ ಎಂದಳು. ಇವನು ಫೋನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ಆ ಕಡೆ ಮಾತು ನಿಂತಿತು.

"ಅಮೋಗಿ, ಅದೀಯೇನೋ?"

"ಇಲ್ಲೇ ಅದೇನಿ ಯವ್ವಾ."

"ಮತ್ತ ಹೂಂ ಅನ್ನಪಾ" ಎಂದಳು ತಿಪ್ಪವ್ವ. "ನೀನೂ ಅನ್ನಲಿಲ್ಲಂದ್ರ ನಂಗ ಯಾರ ಅದಾರು?"

ಅವನು ಬಾಯಿ ತೆರೆದ. ಗಂಟಲವರೆಗೂ ಬಂತು. ತಾಯಿ ಆ ಕಡೆ ಕಾಯುತ್ತಿದ್ದಳು.

"ಅದೇನಿ" ಎಂದ ಇನ್ನೊಮ್ಮೆ.